ಮೇರು ಬೆಟ್ಟದ ಬುಡದಲ್ಲಿ ಒಕ್ಕಲು

ಬೋಧಪೀಠ ಹತ್ತುವುದು ಕೊನೆಯ ಕೆಲಸ. ತಾಂಜಾನಿಯಾಕ್ಕೆ ಕ್ರೈಸ್ತ ಸಭೆಯ ಸೇವೆಗೆಂದು ಹೊರಟ ದಂಪತಿಗಳು ಕೇಳಿದಾಗ ನಾವು ಮೊದಲು ಹೇಳುವ ಮಾತು ಇದು. ಕಾಗದಪತ್ರ, ಭಾಷೆ, ನೀರು, ಒಲೆ, ಸಾವಿನ ಮನೆ ಎಲ್ಲ ಆದ ಮೇಲೆ ಪ್ರಸಂಗ, ಅಂದರೆ ಆರಾಧನೆಯಲ್ಲಿ ಕೊಡುವ ಉಪದೇಶ. ಈ ಸಾಲು ಹಿಂದುಮುಂದಾದರೂ ಸಭೆಯವರು, ಅಂದರೆ ಚರ್ಚಿನ ಜನ, ಎದ್ದು ನಿಲ್ಲುತ್ತಾರೆ, ಕೈಕುಲುಕುತ್ತಾರೆ, ಊಟಕ್ಕೆ ಕರೆಯುತ್ತಾರೆ. ಒಳಗೆ ಮಾತ್ರ ಬಿಟ್ಟುಕೊಳ್ಳುವುದಿಲ್ಲ.

ನಾವಿರುವುದು ಅರುಶಾದಿಂದ ಮೋಶಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಉಸಾ ರಿವರ್ ಎಂಬ ಊರಿನ ಆಸುಪಾಸಿನಲ್ಲಿ. ಉತ್ತರಕ್ಕೆ 4,500 ಮೀಟರಿಗೂ ಎತ್ತರದ ಮೇರು ಬೆಟ್ಟ. ಹೆಸರು ನಮ್ಮ ಪುರಾಣದ್ದೇ ಆದರೂ ಇದು ಇಲ್ಲಿ ವಾಸವಿರುವ ಮೇರು ಜನರ ಬೆಟ್ಟ. ಇಳಿಜಾರಿನಲ್ಲಿ ಬಾಳೆ, ಅದರ ನೆರಳಲ್ಲಿ ಕಾಫಿ, ಸಾಲುಗಳ ನಡುವೆ ಬೀನ್ಸ್. ಚಿಕ್ಕಮಗಳೂರು, ಕೊಡಗು ನೋಡಿದ ಕಣ್ಣಿಗೆ ಅಷ್ಟೇನೂ ಹೊಸದಲ್ಲ. 1947ರಲ್ಲಿ ಶುರುವಾದ ಮಕುಮಿರಾ ದೇವಶಾಸ್ತ್ರ ಕಾಲೇಜು ಇಲ್ಲಿಯೇ ಇದೆ, ಈಗ ಅದು ವಿಶ್ವವಿದ್ಯಾಲಯ. ಬೇರೆಬೇರೆ ಮಿಶನ್‌ಗಳಿಂದ ಬೆಳೆದ ಏಳು ಸಭೆಗಳು 1963ರಲ್ಲಿ ಒಂದಾಗಿ ತಾಂಜಾನಿಯಾದ ಲೂಥರನ್ ಸಭೆ ಆಯಿತು. ಜನರ ಬಾಯಲ್ಲಿ ಅದು ‘ಕೆ.ಕೆ.ಕೆ.ಟಿ.’, ಸ್ವಾಹಿಲಿ ಹೆಸರಿನ ಮೊದಲಕ್ಷರಗಳು. ಇಂದು ಜಗತ್ತಿನ ದೊಡ್ಡ ಲೂಥರನ್ ಸಭೆಗಳಲ್ಲಿ ಅದೂ ಒಂದು. ಅವರ ಬಿಷಪ್, ಅವರ ಪಾಸ್ಟರುಗಳು, ಅವರ ಆಸ್ಪತ್ರೆಗಳು ಎಲ್ಲ ಇವೆ. ಹೊರಗಿನಿಂದ ಬರುವವರು ಆ ಮನೆಗೆ ಸೇರುವ ಇನ್ನಿಬ್ಬರು ಅಷ್ಟೆ.

ಈ ನೆಲದ ಒಂದು ನೆನಪನ್ನು ಇಲ್ಲಿಗೆ ಬರುವವರು ತಿಳಿದಿರಬೇಕು. 1896ರ ಅಕ್ಟೋಬರಿನಲ್ಲಿ ಜರ್ಮನಿಯ ಲೈಪ್‌ಜಿಗ್ ಮಿಶನ್ನಿನ ಇವಾಲ್ಡ್ ಓವಿರ್ ಮತ್ತು ಕಾರ್ಲ್ ಸೆಗೆಬ್ರಾಕ್ ಎಂಬ ಇಬ್ಬರು ಅಕೇರಿಯಲ್ಲಿ ಬಿಡಾರ ಹೂಡಿದ ಕೆಲವೇ ದಿನಗಳಲ್ಲಿ ಕೊಲೆಯಾದರು. ಅದೇ ಹೊತ್ತಿಗೆ ಸಮೀಪದಲ್ಲಿ ಜರ್ಮನ್ ಸೈನ್ಯವೂ ಬೀಡುಬಿಟ್ಟಿತ್ತು. ಬಂದೂಕಿನ ಜೊತೆಜೊತೆಗೆ ಬಂದವರನ್ನು ಬೇರೆ ಎಂದು ತಿಳಿಯಲು ಜನರಿಗೆ ಕಾರಣವೇ ಇರಲಿಲ್ಲ. ಆಮೇಲೆ ಸೈನ್ಯ ತೀರಿಸಿಕೊಂಡ ಸೇಡಿಗೆ ಇಲ್ಲಿಯ ಜನ ತೆತ್ತದ್ದು ಬಹಳ. ನ್ಕೋರಂಗಾದಲ್ಲಿ ಮಿಶನ್ ಕೇಂದ್ರ ನಿಂತದ್ದು ಇದಾಗಿ ವರ್ಷಗಳ ನಂತರ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಶಾಲೆ, ಸಭೆ ಕಟ್ಟಿದ್ದೂ ಇದೇ ಲೈಪ್‌ಜಿಗ್ ಮಿಶನ್. ಯಾರ ಜೊತೆ ಬರುತ್ತೀರಿ, ಯಾರು ಕರೆದದ್ದಕ್ಕೆ ಬರುತ್ತೀರಿ ಎಂಬುದನ್ನು ಈ ಬೆಟ್ಟದ ಜನ ಇವತ್ತಿಗೂ ಮೊದಲು ನೋಡುತ್ತಾರೆ. ಹಾಗಾಗಿ ಎಲ್ಲಕ್ಕೂ ಮೊದಲು ಕರೆಪತ್ರ.

ಕರೆಪತ್ರ ಬರಬೇಕಾದ್ದು ಬರಮಾಡಿಕೊಳ್ಳುವ ಡಯಾಸಿಸ್‌ನಿಂದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರಾಂತ್ಯ), ಕಳುಹಿಸುವವರಿಂದ ಅಲ್ಲ. ಅದರಲ್ಲಿ ನಾಲ್ಕು ಸಂಗತಿ ಬರವಣಿಗೆಯಲ್ಲಿರಲಿ: ಯಾವ ಕೆಲಸ, ಎಷ್ಟು ಕಾಲ, ಮನೆ ಯಾರದು, ಯಾರಿಗೆ ವರದಿ ಒಪ್ಪಿಸಬೇಕು. ದಂಪತಿಗಳಾದರೆ ಇಬ್ಬರ ಹೆಸರೂ ಇಬ್ಬರ ಕೆಲಸವೂ ಬೇರೆಬೇರೆಯಾಗಿ ಇರಲಿ. ‘ಪಾಸ್ಟರ್ ಮತ್ತು ಅವರ ಹೆಂಡತಿ’ ಎಂದು ಬರೆದ ಪತ್ರ ಮುಂದೆ ತೊಂದರೆ ಕೊಡುತ್ತದೆ. ಅವಲಂಬಿತರ ಪಾಸಿನಲ್ಲಿ ಬಂದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಹೆಂಡತಿ ನರ್ಸಾಗಿದ್ದು, ಆಸ್ಪತ್ರೆಗೆ ಅವರು ಬೇಕಾಗಿದ್ದರೂ, ಕಾಗದದಲ್ಲಿ ಬರೀ ಅವಲಂಬಿತೆ ಎಂದಿದ್ದರೆ ವರ್ಷಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ. ಮದುವೆಗಳಿಗೆ ಇದು ಕೊಡುವ ಪೆಟ್ಟು ಸಣ್ಣದಲ್ಲ. ದೂರದೇಶದಲ್ಲಿ ಒಬ್ಬರಿಗೆ ಬಿಡುವಿಲ್ಲದ ಕೆಲಸ, ಇನ್ನೊಬ್ಬರಿಗೆ ಕಿಟಕಿ ನೋಡುವ ಕೆಲಸ ಎಂದಾಗುವುದನ್ನು ಆ ಒಂದು ಪತ್ರ ತಪ್ಪಿಸುತ್ತದೆ.

ಪರವಾನಗಿ ಎರಡು. ಕಾರ್ಮಿಕ ಇಲಾಖೆ ಕೊಡುವ ಕೆಲಸದ ಪರವಾನಗಿ ಮೊದಲು, ವಲಸೆ ಇಲಾಖೆ ಕೊಡುವ ವಾಸದ ಪರವಾನಗಿ ಆಮೇಲೆ. ಧರ್ಮಸೇವಕರಿಗೆ ವಾಸದ್ದು ‘ಸಿ’ ವರ್ಗದಲ್ಲಿ ಬರುತ್ತದೆ. ಅರ್ಜಿ ಆನ್‌ಲೈನ್. ಡಯಾಸಿಸ್ ಪತ್ರ, ಸಭೆಯ ನೋಂದಣಿಯ ಪ್ರತಿ, ಪದವಿ ಪತ್ರಗಳು, ದೃಢೀಕರಿಸಿದ ಮದುವೆ ಪ್ರಮಾಣಪತ್ರ, ಬಯೋಡೇಟಾ, ಪೊಲೀಸ್ ಕ್ಲಿಯರೆನ್ಸ್, ಫೋಟೋ ಇವಿಷ್ಟನ್ನು ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿನಲ್ಲಿಟ್ಟುಕೊಳ್ಳಿ. ಪೊಲೀಸ್ ಕ್ಲಿಯರೆನ್ಸನ್ನು ಉತ್ಸಾಹದಿಂದ ವರ್ಷದ ಮುಂಚೆ ಮಾಡಿಸಿಟ್ಟರೆ ಅರ್ಜಿ ಹಾಕುವ ಹೊತ್ತಿಗೆ ಹಳೆಯದಾಗಿರುತ್ತದೆ. ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಹೆಸರಿನ ತಕರಾರಿನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿಯಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು. ನಮ್ಮ ಕಡೆ ಇದು ಸಾಮಾನ್ಯ, ಅಲ್ಲಿಯ ಅಧಿಕಾರಿಗೆ ಅದು ಮೂರು ಬೇರೆ ಮನುಷ್ಯರು. ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ಊರಲ್ಲೇ ಮಾಡಿಸಿಕೊಂಡು ಹೋಗಿ.

ಪ್ರವಾಸಿ ವೀಸಾದಲ್ಲಿ ಇಳಿದು, ಪರವಾನಗಿ ಬರುವ ತನಕ ಸ್ವಲ್ಪ ಪ್ರಸಂಗ, ಸ್ವಲ್ಪ ಪಾಠ ಎಂದು ಶುರುಮಾಡುವುದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ದಂಡ ನಿಮಗೆ, ಕೆಟ್ಟ ಹೆಸರು ನಿಮ್ಮನ್ನು ಕರೆದ ಡಯಾಸಿಸ್‌ಗೆ. ನರ್ಸ್ ಆದವರು ಇದರ ಜೊತೆಗೆ ತಾಂಜಾನಿಯಾದ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಬೇಕು. ಅದಕ್ಕೆ ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಬೇಕಾಗುತ್ತದೆ. ಹೊರಡುವ ಆರು ತಿಂಗಳ ಮುಂಚೆ ಇದಕ್ಕೆ ಕೈಹಾಕಿ. ನೋಂದಣಿ ಆಗುವ ತನಕ ರೋಗಿಯ ಮೈ ಮುಟ್ಟಬೇಡಿ, ಪಕ್ಕದ ಮನೆಯವರು ಬಿ.ಪಿ. ನೋಡಿ ಎಂದರೂ.

ಬೆಂಗಳೂರಿನಿಂದ ಅಡಿಸ್ ಅಬಾಬಾ ಮೂಲಕ ಕಿಲಿಮಂಜಾರೋ ವಿಮಾನ ನಿಲ್ದಾಣಕ್ಕೆ ಬರುವುದು ಸುಲಭ. ಮನೆ ಸಾಮಾನನ್ನು ಹಡಗಿನಲ್ಲಿ ತರಿಸಬೇಡಿ, ಎಲ್ಲ ಅರುಶಾದಲ್ಲೇ ಸಿಗುತ್ತದೆ. 2019ರ ಜೂನ್ 1ರಿಂದ ಇಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ನಮ್ಮವರು ಚಪ್ಪಲಿ, ಉಪ್ಪಿನಕಾಯಿ, ಪುಡಿ ಡಬ್ಬಿ ಎಲ್ಲಕ್ಕೂ ಒಂದೊಂದು ಕವರ್ ಸುತ್ತುತ್ತಾರೆ. ಬಟ್ಟೆ ಚೀಲಕ್ಕೆ ಬದಲಾಯಿಸಿ. ಮಿಕ್ಸಿ, ಕುಕ್ಕರ್ ತರಬಹುದು. ಕರೆಂಟು ನಮ್ಮಂತೆಯೇ 230 ವೋಲ್ಟ್, ಆದರೆ ಗೋಡೆಯ ಸಾಕೆಟ್ಟುಗಳು ಹೆಚ್ಚಾಗಿ ಚೌಕ ಪಿನ್ನಿನವು. ಎರಡು ಗಟ್ಟಿ ಅಡಾಪ್ಟರ್ ಬೇಕು.

ಮೊದಲ ಮೂರು-ನಾಲ್ಕು ತಿಂಗಳು ಇಲ್ಲಿಯ ಸ್ವಾಹಿಲಿ ಭಾಷೆಗೇ ಮೀಸಲು. ಇಲ್ಲಿಗೆ ಬರುವ ಮಿಶನರಿಗಳಲ್ಲಿ ಬಹಳ ಜನ ಮೊರೊಗೊರೊದಲ್ಲಿ ಲೂಥರನ್ ಸೆಮಿನರಿಯ ಭಾಷಾಶಾಲೆಯಲ್ಲಿ ಕಲಿತವರು. ಉಲುಗುರು ಬೆಟ್ಟಗಳ ಕೆಳಗಿನ ಊರು ಅದು, ಈಗ ದಾರ್ ಎಸ್ ಸಲಾಮ್‌ನಿಂದ ವಿದ್ಯುತ್ ರೈಲೂ ಇದೆ. ಇಬ್ಬರೂ ಒಟ್ಟಿಗೆ ಹೋಗಬೇಕು. ಒಬ್ಬರು ಕಲಿತು ಇನ್ನೊಬ್ಬರಿಗೆ ಹೇಳಿಕೊಡುವುದು ನಡೆಯುವುದಿಲ್ಲ. ಕಲಿಯದವರು ವರ್ಷ ಕಳೆದರೂ ಕಲಿತವರ ಬೆನ್ನ ಹಿಂದೆಯೇ ನಿಂತಿರುತ್ತಾರೆ.

ಕನ್ನಡಿಗರಿಗೆ ಸ್ವಾಹಿಲಿ ಒಂದು ರೀತಿಯಲ್ಲಿ ತವರಿನ ಬಾಗಿಲಿದ್ದಂತೆ. ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ. ನಾವು ‘ಬಸ್ಸು’, ‘ಬ್ಯಾಂಕು’ ಎಂದಂತೆ ಅವರು ‘ಬಾಸಿ’, ‘ಬೆಂಕಿ’ ಎನ್ನುತ್ತಾರೆ. ಹೌದು, ಹಣ ಇಡುವ ಜಾಗ ಅಲ್ಲಿ ‘ಬೆಂಕಿ’. ‘ಮೇಜಾ’ ಮೇಜು, ‘ಸಬೂನಿ’ ಸಾಬೂನು, ‘ಹೆಸಾಬು’ ಲೆಕ್ಕ, ‘ಬೀಮಾ’ ವಿಮೆ, ‘ಗಾರಿ’ ಗಾಡಿ, ‘ಲಾಕಿ’ ಒಂದು ಲಕ್ಷ. ಆಟೋರಿಕ್ಷಾ ‘ಬಜಾಜಿ’. ಇಷ್ಟು ಸಲೀಸಾಗಿ ಬಾಯಿಗೆ ಬಂದಾಗ ಕಲಿತೇಬಿಟ್ಟೆವು ಎನಿಸುತ್ತದೆ. ಎಡವುವುದು ವ್ಯಾಕರಣದಲ್ಲಿ.

ಕನ್ನಡದಲ್ಲಿ ‘ಒಳ್ಳೆಯ ಹುಡುಗ, ಒಳ್ಳೆಯ ಪುಸ್ತಕ, ಒಳ್ಳೆಯ ಪುಸ್ತಕಗಳು’ ಎನ್ನುವಾಗ ‘ಒಳ್ಳೆಯ’ ಅಲ್ಲಾಡುವುದಿಲ್ಲ. ಸ್ವಾಹಿಲಿಯಲ್ಲಿ ನಾಮಪದದ ತಲೆ ಬದಲಾದರೆ ಹಿಂದೆ ಬರುವ ಎಲ್ಲದರ ತಲೆಯೂ ಬದಲಾಗಬೇಕು: ‘ಮ್ತೋತೋ ಮ್ಜೂರಿ’, ‘ವಾತೋತೋ ವಾಜೂರಿ’, ‘ಕಿತಾಬು ಕಿಜೂರಿ’, ‘ವಿತಾಬು ವಿಜೂರಿ’. ನಾವು ಪದದ ಬಾಲ ತಿದ್ದಿ ಬೆಳೆದವರು. ಇಲ್ಲಿ ತಲೆ ತಿದ್ದಬೇಕು. ಪಟ್ಟಿ ಬಾಯಿಪಾಠ ಮಾಡಿ ಇದು ಬರುವುದಿಲ್ಲ. ದಿನಕ್ಕೆ ಐದೇ ನಾಮಪದ ಹಿಡಿದು, ಪ್ರತಿಯೊಂದಕ್ಕೂ ‘ದೊಡ್ಡ, ನನ್ನ, ಈ, ಎರಡು’ ಸೇರಿಸಿ ಜೋರಾಗಿ ಹೇಳುತ್ತಾ ಹೋದರೆ ಎರಡು ತಿಂಗಳಲ್ಲಿ ಕಿವಿಯೇ ತಪ್ಪನ್ನು ಹಿಡಿಯುತ್ತದೆ.

ಪ್ರಸಂಗ ಮಾಡುವವರು ‘ತುಮಾ’ ಎಂಬ ಧಾತುವಿನ ಹತ್ತಿರ ಎಚ್ಚರವಾಗಿರಬೇಕು. ‘ತುಮಾ’ ಎಂದರೆ ಕಳುಹಿಸು. ಅದರಿಂದ ‘ಮ್ತುಮೆ’ ಅಪೊಸ್ತಲ, ‘ಮ್ತುಮಿಶಿ’ ಸೇವಕ, ‘ಮ್ತುಮ್ವಾ’ ದಾಸ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ವಚನದಲ್ಲೇ ಪೌಲನು ತನ್ನನ್ನು ದಾಸನೆಂದೂ ಅಪೊಸ್ತಲನೆಂದೂ ಕರೆದುಕೊಳ್ಳುತ್ತಾನೆ. ಅಲ್ಲಿ ನಾಲಿಗೆ ಜಾರಿದರೆ ವಾಕ್ಯ ಉಲ್ಟಾ. ‘ಮ್ತುಮ್ವಾ’ ಎನ್ನುವಾಗ ಇನ್ನೂ ಒಂದು ನೆನಪಿರಲಿ: ಗುಲಾಮರನ್ನು ಸಾಲಾಗಿ ಕಟ್ಟಿ ಕರಾವಳಿಗೆ ನಡೆಸಿಕೊಂಡು ಹೋದ ನೆಲ ಇದು. ಆ ಪದ ಇಲ್ಲಿ ಬರೀ ಉಪಮೆಯಲ್ಲ. ಮದುವೆಯ ಮಾತಿಗೂ ಗಂಡಸಿಗೊಂದು, ಹೆಂಗಸಿಗೊಂದು ಕ್ರಿಯಾಪದ. ಗಂಡ ‘ನಿಮೆಓಆ’ ಎನ್ನಬೇಕು, ಹೆಂಡತಿ ‘ನಿಮೆಓಲೇವಾ’.

ಉಚ್ಚಾರದಲ್ಲಿ ನಮಗೆ ಕಷ್ಟ ಕೊಡುವುದು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡುವ ಸದ್ದುಗಳು. ‘ಥೆಲಾಥೀನಿ’ ಅಂದರೆ ಮೂವತ್ತು, ‘ಧಹಾಬು’ ಅಂದರೆ ಚಿನ್ನ. ಕನ್ನಡದ ಥ, ಧ ಅಲ್ಲ ಅವು. ಇನ್ನೊಂದು, ದೀರ್ಘ ಎಳೆಯುವ ನಮ್ಮ ಅಭ್ಯಾಸ. ಸ್ವಾಹಿಲಿಯಲ್ಲಿ ಒತ್ತು ಹೆಚ್ಚುಕಡಿಮೆ ಸದಾ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ.

ಗಡಿಯಾರ ಬೇರೆ ಕಲಿಯಬೇಕು. ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ, ಬೆಳಗ್ಗೆ ಏಳು ಎಂದರೆ ‘ಸಾ ಮೋಜಾ’, ಒಂದನೇ ಗಂಟೆ. ಆರಾಧನೆ ‘ಸಾ ನ್ನೆ’ಗೆ ಎಂದರೆ ನಾಲ್ಕಕ್ಕಲ್ಲ, ಬೆಳಗ್ಗೆ ಹತ್ತಕ್ಕೆ. ವಾರದ ಎಣಿಕೆ ಶನಿವಾರದಿಂದ: ‘ಜುಮಾಮೋಸಿ’ ಒಂದು, ‘ಜುಮಾಪಿಲಿ’ ಎರಡು, ಅದು ಭಾನುವಾರ. ‘ಜುಮಾತಾತು’ವಿನಲ್ಲಿ ಮೂರು ಎಂಬ ಸಂಖ್ಯೆ ಇದ್ದರೂ ಅದು ಸೋಮವಾರ. ಮೊದಲ ವರ್ಷ ಯಾವ ಸಮಯ ಗೊತ್ತುಮಾಡಿದರೂ ‘ಬೆಳಗ್ಗೆಯೋ, ಮಧ್ಯಾಹ್ನವೋ?’ ಎಂದು ಕೇಳಿ ತಾರೀಖು ಬರೆದುಕೊಳ್ಳಿ.

ಮನೆ ಹಿಡಿಯುವಾಗ ನೋಡಬೇಕಾದ್ದು ಕೋಣೆಗಳನ್ನಲ್ಲ, ನೀರನ್ನು. ಮೇರು ಜ್ವಾಲಾಮುಖಿಯಿಂದ ಎದ್ದ ಬೆಟ್ಟ. ಅದರ ಸುತ್ತಲಿನ ಎಷ್ಟೋ ತೊರೆ, ಬಾವಿಗಳಲ್ಲಿ ಫ್ಲೋರೈಡ್ ವಿಪರೀತ. ಪಕ್ಕದಲ್ಲೇ ‘ಮಾಜಿ ಯಾ ಚಾಯ್’ ಎಂಬ ಊರಿದೆ, ಚಹಾದ ನೀರು ಎಂದು ಅರ್ಥ. ಅಲ್ಲಿ ಬೆಳೆದ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಪಾವಗಡ, ಕೋಲಾರದ ಕಡೆಯವರಿಗೆ ತಕ್ಷಣ ಗುರುತು ಸಿಗುತ್ತದೆ. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಸಾಮಾನ್ಯ ಮೇಣದಬತ್ತಿ ಆಕಾರದ ಫಿಲ್ಟರಿಗೂ ಅದು ಸಿಗುವುದಿಲ್ಲ. ಎಲುಬಿನ ಇದ್ದಿಲಿನ ಫಿಲ್ಟರ್ ಅಥವಾ ಆರ್‌.ಓ. ಬೇಕು. ಎಲುಬಿನ ಇದ್ದಿಲಿಗೂ ಆಯುಸ್ಸು ಇದೆ, ಹೀರುವಷ್ಟು ಹೀರಿದ ಮೇಲೆ ನೀರು ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಯಾವಾಗ ಬದಲಾಯಿಸಿದಿರಿ ಎಂಬ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ. ಎಲ್ಲದಕ್ಕಿಂತ ಒಳ್ಳೆಯದು ಮಳೆನೀರು. ಮಾರ್ಚಿಯಿಂದ ಮೇ ತನಕ ‘ಮಸೀಕಾ’ ದೊಡ್ಡ ಮಳೆ, ವರ್ಷದ ಕೊನೆಯಲ್ಲಿ ‘ವುಲಿ’ ಸಣ್ಣ ಮಳೆ. ಸೂರಿನ ನೀರನ್ನು ಸಿಮ್‌ಟ್ಯಾಂಕಿಗೆ, ಅಂದರೆ ಪ್ಲಾಸ್ಟಿಕ್ ನೀರಿನ ತೊಟ್ಟಿಗೆ, ಇಳಿಸಿ, ಮೊದಲ ಎರಡು ಮಳೆಯದನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಕುಡಿಯಲು, ಅಡುಗೆಗೆ ಇಟ್ಟುಕೊಳ್ಳಿ. ಬಟ್ಟೆ, ಸ್ನಾನಕ್ಕೆ ತೊರೆಯ ನೀರು ನಡೆಯುತ್ತದೆ.

ಕರೆಂಟಿಗೆ ಮುಂಗಡ ಹಣ ಕಟ್ಟುವ ‘ಲೂಕು’ ಮೀಟರ್. ಮೊಬೈಲಿನಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ಸಂಖ್ಯೆ ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಹಿಂದಿನ ಬಾಡಿಗೆದಾರರ ಬಾಕಿ ಆ ಮೀಟರಿನ ಮೇಲೆ ಇದೆಯೇ ಎಂದು ಮನೆ ಹಿಡಿಯುವ ಮುಂಚೆ ವಿಚಾರಿಸಿ. ಫ್ರಿಜ್ಜಿಗೆ ಕರೆಂಟಿನ ಏರಿಳಿತ ತಡೆಯುವ ಗಾರ್ಡ್ ಹಾಕಿಸಿ. ಗ್ಯಾಸ್ 6 ಕೆ.ಜಿ., 15 ಕೆ.ಜಿ. ಸಿಲಿಂಡರಿನಲ್ಲಿ ಸಿಗುತ್ತದೆ, ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ಸಾಕು.

ಅಡುಗೆಮನೆಯ ಮಾತು ಬಂದಾಗ ನಮಗೆ ನಿಜವಾಗಿ ಸಂತೋಷ. ರಾಗಿ ಇಲ್ಲಿ ‘ಉಲೇಜಿ’. ಮೂಲತಃ ಅದು ಪೂರ್ವ ಆಫ್ರಿಕಾದ ಎತ್ತರದ ನೆಲಗಳ ಬೆಳೆ, ನಮ್ಮಲ್ಲಿಗೆ ಬಂದದ್ದೇ ಇಲ್ಲಿಂದ. ಜನ ಅದನ್ನು ‘ಉಜಿ’ ಎಂಬ ಗಂಜಿ ಮಾಡುತ್ತಾರೆ. ಬಾಣಂತಿಗೆ, ಮಗುವಿಗೆ ಕೊಡುತ್ತಾರೆ. ಮುದ್ದೆ ಮಾಡಬೇಕೆಂದರೆ ಅಂಗಡಿಯ ಹಿಟ್ಟು ತರಬೇಡಿ, ಅದರಲ್ಲಿ ಸೋಯಾ, ಶೇಂಗಾ, ಮೆಕ್ಕೆಜೋಳ ಬೆರೆಸಿರುತ್ತಾರೆ. ಕಾಳನ್ನೇ ಕೊಂಡು, ಮಣ್ಣು ಕಲ್ಲು ಹೋಗುವಂತೆ ಮೂರು ನೀರಿನಲ್ಲಿ ಗಾಳಿಸಿ, ಒಣಗಿಸಿ ಗಿರಣಿಗೆ ಒಯ್ಯಿರಿ. ಗಿರಣಿಯಲ್ಲಿ ಇಡೀ ದಿನ ಜೋಳವೇ ಬೀಳುವುದರಿಂದ ಮೊದಲು ಬರುವ ಅರ್ಧ ಕೆ.ಜಿ. ಹಿಟ್ಟನ್ನು ಗಂಜಿಗೆ ಎತ್ತಿಟ್ಟು, ಉಳಿದದ್ದನ್ನು ಮುದ್ದೆಗೆ ಇಟ್ಟುಕೊಳ್ಳಿ. ತೊಗರಿ ‘ಂಬಾಜಿ’, ಹೆಸರುಕಾಳು ‘ಚೊರೋಕೊ’, ಅಲಸಂದೆ ‘ಕುಂಡೆ’, ಹುಣಸೆ ‘ಉಕ್ವಾಜು’, ಕೊತ್ತಂಬರಿ ‘ಗಿಲಿಗಿಲಾನಿ’, ದಂಟಿನ ಜಾತಿಯ ಸೊಪ್ಪು ‘ಮ್ಚೀಚಾ’. ಸಂತೆಯಲ್ಲಿ ತೊಗರಿ ಸಿಪ್ಪೆ ಸಮೇತ ಇಡಿಯಾಗಿ ಸಿಗುತ್ತದೆ, ರಾತ್ರಿ ನೆನೆಸಿದರೆ ಬಸ್ಸಾರಿಗೆ ಚೆನ್ನ. ‘ಮ್ಗಂಡೊ’ ಎಂಬ ಗಟ್ಟಿ ಹುಳಿಹಾಲಿನ ಒಂದು ಚಮಚೆಯಿಂದ ಮನೆಯಲ್ಲಿ ಮೊಸರು ಹೆಪ್ಪಾಗುತ್ತದೆ.

ನೆರೆಮನೆಯಲ್ಲಿ ಬಡಿಸುವುದು ‘ಉಗಾಲಿ’, ಬಿಳಿ ಮೆಕ್ಕೆಜೋಳದ ಮುದ್ದೆ. ಬಲಗೈಯಲ್ಲಿ ತುತ್ತು ಮುರಿದು ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಸೊಪ್ಪನ್ನೋ ಸಾರನ್ನೋ ಅದರಲ್ಲಿ ಎತ್ತಿಕೊಳ್ಳಬೇಕು. ನಮ್ಮ ಮುದ್ದೆಯಂತೆ ನುಂಗುವುದಲ್ಲ, ಅಗಿದು ತಿನ್ನುವುದು. ಊಟಕ್ಕೆ ಮುಂಚೆ ಮನೆಯ ಮಗಳೋ ಮಗನೋ ಚೊಂಬು, ಬೋಗುಣಿ ಹಿಡಿದು ಬಂದು ಕೈಗೆ ನೀರು ಹಾಕುತ್ತಾರೆ. ನಾನೇ ಎದ್ದು ತೊಳೆದುಕೊಳ್ಳುತ್ತೇನೆ ಎನ್ನಬೇಡಿ. ತಟ್ಟೆ ಬಂದ ಮೇಲೆ ಬೇಡ ಎನ್ನುವಂತೆಯೂ ಇಲ್ಲ. ಒಂದೇ ತುತ್ತಾದರೂ ತಿನ್ನಬೇಕು.

ಸೊಳ್ಳೆಪರದೆ ಎಲ್ಲರೂ ಕಟ್ಟುತ್ತಾರೆ. ಎತ್ತರದಲ್ಲಿ ಇದ್ದೇವೆ ಎಂಬ ಧೈರ್ಯದಲ್ಲಿ ಕೆಳನಾಡಿಗೆ ಹೋದಾಗ ಮರೆಯುತ್ತಾರೆ. ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ಹೌದೆಂದಾದರೆ ಸಾಮಾನ್ಯವಾಗಿ ಕೊಡುವ ‘ಮ್ಸೆಟೊ’ ಗುಳಿಗೆ ಮೂರು ದಿನದಲ್ಲಿ ಆರು ಸಲ, ಎಣ್ಣೆ ಅಥವಾ ಹಾಲು ಇರುವ ಆಹಾರದ ಜೊತೆ ನುಂಗಬೇಕು. ಬರೀ ಹೊಟ್ಟೆಯಲ್ಲಿ ತೆಗೆದುಕೊಂಡರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡನೇ ದಿನ ಜ್ವರ ಬಿಟ್ಟಿತು ಎಂದು ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ಹೊರಗೆ ಒಣಗಿಸಿದ ಬಟ್ಟೆಗೆ, ಒಳಉಡುಪೂ ಸೇರಿ, ಬಿಸಿ ಇಸ್ತ್ರಿ ಹಾಕಿ. ಒಂದು ಜಾತಿಯ ನೊಣ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಚರ್ಮದೊಳಗೆ ಇಳಿದು ಕುರುವಾಗುತ್ತದೆ.

ಭಾರತೀಯ ಮುಖದವರಿಗೆ ಇಲ್ಲಿ ಇನ್ನೊಂದು ಸಂಗತಿ ಕಾದಿರುತ್ತದೆ. ಬೀದಿಯಲ್ಲಿ ನಿಮ್ಮ ಹೆಸರು ‘ಮ್ಹಿಂಡಿ’. ತಲೆಮಾರುಗಳಿಂದ ಈ ದೇಶದಲ್ಲಿ ಅಂಗಡಿ ಇಟ್ಟಿರುವ, ಹೆಚ್ಚಾಗಿ ಗುಜರಾತಿ ಮೂಲದ ಜನರಿಗೆ ಇರುವ ಹೆಸರು ಅದು. ಎಲ್ಲಿದೆ ನಿಮ್ಮ ಅಂಗಡಿ ಎಂದು ಕೇಳುತ್ತಾರೆ, ಹಿಂದೂಸ್ಥಾನದಲ್ಲಿ ಕ್ರೈಸ್ತರೂ ಇದ್ದಾರೆಯೇ ಎಂದು ಆಶ್ಚರ್ಯಪಡುತ್ತಾರೆ. ಬೇಸರ ಬೇಡ. ತಮಿಳುನಾಡಿನ ತರಂಗಂಬಾಡಿಗೆ ಲೂಥರನ್ ಮಿಶನರಿಗಳು ಬಂದದ್ದು 1706ರಲ್ಲಿ, ಈ ಬೆಟ್ಟಕ್ಕೆ ಬರುವುದಕ್ಕಿಂತ ಸುಮಾರು 190 ವರ್ಷ ಮೊದಲು ಎಂದು ಹೇಳಿದರೆ ಕುಳಿತು ಕೇಳುತ್ತಾರೆ. ಅಂಗಡಿಕಾರರ ಮನೆಗಳಿಗಷ್ಟೇ ಹೋಗುತ್ತಾ, ಅವರ ಜೊತೆಗೇ ಊಟ, ಹಬ್ಬ ಎಂದಿದ್ದರೆ ಮಾತ್ರ ಸಭೆ ನಿಮ್ಮನ್ನು ಆ ಲೆಕ್ಕಕ್ಕೇ ಬರೆದುಬಿಡುತ್ತದೆ.

ಮಾತಿನ ಮರ್ಯಾದೆ ನಮಗೆ ಹೊಸದಲ್ಲ. ಹಿರಿಯರಿಗೆ ‘ಶಿಕಮೂ’, ಅವರ ಉತ್ತರ ‘ಮರಹಬಾ’. ವಯಸ್ಸಿನಲ್ಲಿ ನಿಮಗಿಂತ ದೊಡ್ಡವರಾದರೆ ಕಾವಲುಗಾರರಿಗೂ, ಬಾಳೆಹಣ್ಣು ಮಾರುವ ಅಜ್ಜಿಗೂ ಅದನ್ನೇ ಹೇಳಬೇಕು. ನೀವು ಪಾಸ್ಟರ್ ಆದ ಮಾತ್ರಕ್ಕೆ ಅದು ತಿರುಗಿ ನಿಮ್ಮ ಕಡೆ ಬರುವುದಿಲ್ಲ. ಮನೆ ಬಾಗಿಲಲ್ಲಿ ನಿಂತು ‘ಹೋದಿ’ ಎನ್ನಿ, ಒಳಗಿನಿಂದ ‘ಕರಿಬು’ ಬರುವ ತನಕ ಹೊಸ್ತಿಲು ದಾಟಬೇಡಿ. ಸಭೆಯವರು ಸಿಕ್ಕರೆ ‘ಬ್ವಾನಾ ಯೇಸು ಅಸಿಫಿವೆ’, ಕರ್ತನಾದ ಯೇಸುವಿಗೆ ಸ್ತೋತ್ರ. ಉತ್ತರ ‘ಆಮಿನಾ’. ಹೆಂಗಸರನ್ನು ಮಗುವಿನ ಹೆಸರಿನಿಂದ ‘ಮಾಮಾ ಇಂಥವರು’ ಎನ್ನುತ್ತಾರೆ. ಮಕ್ಕಳಿಲ್ಲದ ದಂಪತಿಗಳಿಗೆ ಇದು ದಿನಾಲೂ ಚುಚ್ಚುವ ಪ್ರಶ್ನೆಯಾಗಬಹುದು. ಕೇಳುವವರಲ್ಲಿ ಕೊಂಕು ಇರುವುದಿಲ್ಲ. ‘ಮುಂಗು ಅಕಿಪೆಂಡಾ’, ದೇವರು ಬಯಸಿದರೆ, ಎಂಬ ಉತ್ತರ ಸಾಕು.

ಸಭೆಯ ರಚನೆ ಹೀಗಿದೆ: ‘ಉಶಾರಿಕಾ’ ಎಂದರೆ ಒಬ್ಬ ಪಾಸ್ಟರ್ ನೋಡಿಕೊಳ್ಳುವ ಸಭೆ. ಅದರ ಕೆಳಗೆ ಹಲವು ‘ಮ್ತಾ’ಗಳು, ಒಂದೊಂದಕ್ಕೆ ಒಬ್ಬ ‘ಮ್ವಿಂಜಿಲಿಸ್ತಿ’, ಅಂದರೆ ಸುವಾರ್ತಿಕ. ವಾರವಾರದ ಪ್ರಸಂಗ, ಮಕ್ಕಳ ಪಾಠ, ರೋಗಿಗಳ ಭೇಟಿ ಅವರದು. ಸಭೆ ಬದುಕಿರುವುದೇ ಅವರಿಂದ ಎಂದರೂ ತಪ್ಪಿಲ್ಲ, ಸಿಗುವ ಸಂಬಳ ಮಾತ್ರ ತೀರ ಕಡಿಮೆ. ಬಂದ ಮೊದಲ ಆರು ತಿಂಗಳು ಅವರ ಹಿಂದೆ ನಡೆಯಿರಿ. ದಾರಿ ಯಾವುದು, ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾವ ಎರಡು ಕುಟುಂಬಕ್ಕೆ ಮಾತಿಲ್ಲ ಎಂಬುದು ಯಾವ ಕಡತದಲ್ಲೂ ಇಲ್ಲ, ಅವರ ತಲೆಯಲ್ಲಿದೆ.

ನಿಮ್ಮ ತವರು ಸಭೆಯಿಂದ ಸದಸ್ಯತ್ವದ ಪತ್ರ ತಂದು ಕೊಟ್ಟರೆ ನಿಮಗೂ ಸಂಖ್ಯೆ ಇರುವ ಕಾಣಿಕೆ ಲಕೋಟೆ, ‘ಬಹಾಶಾ’, ಸಿಗುತ್ತದೆ. ವರ್ಷಕ್ಕೆ ಇಷ್ಟು ಎಂದು ವಾಗ್ದಾನ ಬರೆದು, ವಾರವಾರ ಅದರಲ್ಲಿ ಹಾಕುವುದು. ಆ ಲಕೋಟೆ ಕೈಗೆ ಬಂದ ದಿನ ನೀವು ಅತಿಥಿಗಳ ಬೆಂಚಿನಿಂದ ಎದ್ದಂತೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಹಾಡುತ್ತಾ ಹೊರಗೆ ಬಂದು ಅಂಗಳದಲ್ಲಿ ನಿಲ್ಲುತ್ತಾರೆ, ‘ಮ್ನಾದಾ’ ಆರಂಭವಾಗುತ್ತದೆ. ದುಡ್ಡಿಲ್ಲದವರು ಕಾಣಿಕೆಯಾಗಿ ತಂದ ಮೊಟ್ಟೆ, ಬಾಳೆಗೊನೆ, ಕೋಳಿ, ಕಬ್ಬಿನ ಹರಾಜು. ಇಲ್ಲಿ ಹೊರಗಿನವರು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡುತ್ತಾರೆ. ಒಂದು ಕೋಳಿಗೆ ಐದು ಪಟ್ಟು ಕೂಗುತ್ತಾರೆ. ಮರುವಾರದಿಂದ ಊರವರು ಕೂಗುವುದನ್ನೇ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ಸಂತೆಯ ಬೆಲೆಗಿಂತ ತುಸು ಮೇಲೆ ಕೂಗಿ, ಸೋತರೆ ಸೋಲಿ. ಗೆದ್ದರೆ ಪಕ್ಕದಲ್ಲಿರುವ ವಿಧವೆಗೋ ಅಜ್ಜನಿಗೋ ಕೊಟ್ಟುಬಿಡುವುದು ಇಲ್ಲಿಯ ಚಂದದ ರೂಢಿ.

ಹಣದ ಬೇಡಿಕೆ ಬಂದೇ ಬರುತ್ತದೆ, ಜನವರಿಯಲ್ಲಿ ಅತಿ ಹೆಚ್ಚು. ಶಾಲೆ ಶುರುವಾಗುವುದು ಆಗ. ಬಾಗಿಲಲ್ಲಿ ನಿಂತವರಿಗೆ ಕೈಯಿಂದ ಕೈಗೆ ಕೊಡುವುದನ್ನು ಮೊದಲ ದಿನದಿಂದಲೇ ಬಿಡಿ. ವರ್ಷಕ್ಕೆ ಕೊಡಬಹುದಾದ ಮೊತ್ತವನ್ನು ಗಂಡಹೆಂಡತಿ ಕುಳಿತು ಗೊತ್ತುಮಾಡಿ, ಅದನ್ನು ಸಭೆಯ ಸಮಿತಿಯ ಮೂಲಕ ಕೊಡಿ. ಯಾರಿಗೆ ನಿಜವಾಗಿ ಬೇಕು ಎಂಬುದು ಅವರಿಗೆ ಗೊತ್ತು. ಇಬ್ಬರಲ್ಲಿ ಒಬ್ಬರು ಗುಟ್ಟಾಗಿ ಕೊಡತೊಡಗಿದರೆ ಊರಿಗೆಲ್ಲ ತಿಳಿಯುತ್ತದೆ, ಮನೆಯಲ್ಲೂ ಜಗಳ. ಮದುವೆಯ ಚಂದಾ ಕಾರ್ಡು ಬಂದರೆ ಅದು ಭಿಕ್ಷೆಯಲ್ಲ, ನಿಮ್ಮನ್ನು ನೆಂಟರ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು. ಶಕ್ತಿಯಿದ್ದಷ್ಟು ಬರೆಯಿರಿ, ಬರೆದದ್ದನ್ನು ತಪ್ಪದೆ ಕೊಡಿ. ಮೊಬೈಲಿನಲ್ಲಿ ಕಳುಹಿಸುವಾಗ ‘ಯಾ ಕುತೊಲೆಯಾ’, ಅಂದರೆ ಅವರು ನಗದು ತೆಗೆಯುವಾಗ ಕತ್ತರಿಸುವ ಶುಲ್ಕವನ್ನೂ ಸೇರಿಸಿ ಕಳುಹಿಸುವುದು ಸಭ್ಯತೆ.

ಮದುವೆಗೆ ಹೋಗದಿದ್ದರೂ ಕ್ಷಮಿಸುತ್ತಾರೆ. ಸಾವಿಗೆ ಹೋಗದಿದ್ದರೆ ಇಲ್ಲ. ‘ಮ್ಸಿಬಾ’ ಎಂಬ ಸುದ್ದಿ ಬಂದ ದಿನವೇ ಸಂಜೆ ಹೋಗಿ. ಅಂಗಳದಲ್ಲಿ ಟಾರ್ಪಾಲು ಕಟ್ಟಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ, ಗಂಡಸರು ಅಲ್ಲಿ. ಹೆಂಗಸರು ಒಳಗೆ ಚಾಪೆಯ ಮೇಲೆ. ಹೆಂಡತಿ ಲಂಗದ ಮೇಲೆ ‘ಕಂಗಾ’ ಎಂಬ ಅಚ್ಚಿನ ಬಟ್ಟೆ ಸುತ್ತಿ, ಇನ್ನೊಂದನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಕಂಗಾ ಮಾರುವುದೇ ಜೋಡಿಯಲ್ಲಿ. ಅದರ ಅಂಚಿನಲ್ಲಿ ಅಚ್ಚಾಗಿರುವ ಮಾತನ್ನು ಓದಿಸಿಕೊಂಡು ಉಡಿ, ಪ್ರೇಮದ ಮಾತೋ ನೆರೆಯವರಿಗೆ ಕೊಟ್ಟ ಏಟೋ ಇದ್ದರೆ ಸಾವಿನ ಮನೆಗೆ ಸಲ್ಲದು. ‘ಪೊಲೇನಿ ಸಾನಾ’ ಎಂದು ಹೇಳಿ ಕುಳಿತುಕೊಳ್ಳಿ. ಕನ್ನಡದಲ್ಲಿ ಅದಕ್ಕೆ ಸರಿಸಮನಾದ ಒಂದು ಪದ ಇಲ್ಲ. ಅಯ್ಯೋ, ನಿಮ್ಮ ಜೊತೆ ಇದ್ದೇವೆ ಎಂಬುದೆಲ್ಲ ಅದರಲ್ಲೇ ಬಂತು. ಆಮೇಲೆ ಮಾತು ಬೇಡ. ಒಂದು ಗಂಟೆ ಸುಮ್ಮನೆ ಕೂರುವುದೇ ಅಲ್ಲಿಯ ಕೆಲಸ. ಹಿಂದಿನ ಅಂಗಳದಲ್ಲಿ ಹೆಂಗಸರು ಹಸಿ ಬಾಳೆಕಾಯಿ ಸುಲಿಯುತ್ತಿರುತ್ತಾರೆ, ಅಕ್ಕಿಯ ಕಲ್ಲು ಆರಿಸುತ್ತಿರುತ್ತಾರೆ. ಅಲ್ಲಿ ಮೊರ ಎಳೆದುಕೊಂಡು ಕುಳಿತ ಹೆಂಗಸಿಗೆ ಯಾರೂ ಪರಿಚಯ ಕೇಳುವುದಿಲ್ಲ. ಬಾಳೆಯ ಸೊನೆ ಕೈಗೆ ಹಿಡಿಯದಂತೆ ಮೊದಲು ಎಣ್ಣೆ ಸವರಿಕೊಳ್ಳುವುದನ್ನು ಅವರೇ ಕಲಿಸುತ್ತಾರೆ.

ಬಾಗಿಲ ಬಳಿ ಒಂದು ನೋಟ್‌ಬುಕ್ ಇರುತ್ತದೆ. ‘ರಂಬಿರಂಬಿ’ ಎಂಬ ಸಾವಿನ ಕಾಣಿಕೆಯನ್ನು ಹೆಸರಿನೊಡನೆ ಬರೆದುಕೊಳ್ಳುತ್ತಾರೆ. ಎಷ್ಟು ಎಂದು ಮೊದಲು ಸುವಾರ್ತಿಕರನ್ನು ಕೇಳಿ, ಅವರು ಹೇಳಿದ್ದಕ್ಕಿಂತ ಹೆಚ್ಚು ಕೊಡಬೇಡಿ. ಸಮಾಧಿ ಹೆಚ್ಚಾಗಿ ಮನೆಯದೇ ಬಾಳೆತೋಟದಲ್ಲಿ. ತೀರಿಕೊಂಡವರ ಬದುಕಿನ ಕಥೆಯನ್ನು ಓದುತ್ತಾರೆ, ಮಣ್ಣು ಮುಚ್ಚಿದ ಮೇಲೆ ಹೆಸರು ಕೂಗಿ ಹೂಮಾಲೆ ಇಡಲು ಕರೆಯುತ್ತಾರೆ. ನಿಮ್ಮನ್ನು ಕರೆದರೆ ಹಿಂಜರಿಯಬೇಡಿ. ಪ್ರಸಂಗಕ್ಕೆ ಕರೆದರೆ ಮೊದಲ ವರ್ಷ ಒಪ್ಪಬೇಡಿ, ಒಂದು ಪ್ರಾರ್ಥನೆ ಸಾಕು. ಎಂಟು-ಹತ್ತು ವಾಕ್ಯದ ಸ್ವಾಹಿಲಿ ಪ್ರಾರ್ಥನೆಯೊಂದನ್ನು ಬರೆದು, ತಿದ್ದಿಸಿ, ಬಾಯಿಪಾಠ ಮಾಡಿಟ್ಟುಕೊಳ್ಳಿ.

ಅತಿಥಿಯ ಬಗ್ಗೆ ಇಲ್ಲಿ ಎಲ್ಲರಿಗೂ ಗೊತ್ತಿರುವ ಗಾದೆ ಇದೆ: ‘ಮ್ಗೆನಿ ಸಿಕು ಂಬಿಲಿ, ಸಿಕು ಯಾ ತಾತು ಂಪೆ ಜೆಂಬೆ’. ಎರಡು ದಿನ ಅತಿಥಿ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ಮಿಶನರಿಗಳು ಇದನ್ನು ಕೇಳಿ ಕೆಲಸಕ್ಕೆ ಧಾವಿಸುತ್ತಾರೆ. ಗಾದೆಯಲ್ಲಿ ಗುದ್ದಲಿ ಕೊಡುವವರು ಮನೆಯವರು, ಅತಿಥಿಯೇ ಹೋಗಿ ಎತ್ತಿಕೊಳ್ಳುವುದಲ್ಲ.

ಪ್ರಸಂಗದ ಸರದಿ ಬಂದಾಗ ಪೂರ್ತಿ ಬರೆದು ಓದಿ. ಬುಧವಾರದೊಳಗೆ ಮುಗಿಸಿ ಸುವಾರ್ತಿಕರ ಕೈಗೆ ಕೊಟ್ಟರೆ ಶುಕ್ರವಾರಕ್ಕೆ ತಿದ್ದಿ ಬರುತ್ತದೆ. ವ್ಯಾಕರಣವಷ್ಟೇ ತಿದ್ದಿದರೆ ಸಾಲದು, ಇಲ್ಲಿಯ ಕಿವಿಗೆ ಹಿಡಿಸದ ಉದಾಹರಣೆಯನ್ನೂ ಹೊಡೆದುಹಾಕಿ ಎಂದು ಕೇಳಿಕೊಳ್ಳಿ. ಮೊದಲಿಗೆ ಹನ್ನೆರಡು ನಿಮಿಷ ಸಾಕು. ಶುರುವಿನಲ್ಲಿ ತವರು ಸಭೆಯ ‘ಸಲಾಮು’ ತಲುಪಿಸಲು ಮರೆಯಬೇಡಿ, ಜನ ಅದಕ್ಕೆ ಕಾಯುತ್ತಿರುತ್ತಾರೆ.

ವಾಸದ ಪರವಾನಗಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಇರುತ್ತದೆ. ಮುಗಿಯುವ ಮೂರು ತಿಂಗಳ ಮುಂಚೆ ನವೀಕರಣಕ್ಕೆ ಓಡಾಟ ಶುರುಮಾಡಿ. ಅದಕ್ಕೆ ಡಯಾಸಿಸ್ ಹೊಸ ಪತ್ರ ಕೊಡಬೇಕು, ಅಲ್ಲಿಯವರು ಸಭೆಯ ಹಿರಿಯರನ್ನು ಕೇಳುತ್ತಾರೆ. ಹಿರಿಯರು ಅದಕ್ಕಾಗಿ ಸೇರಿ ಮಾತಾಡುವ ದಿನ ದಂಪತಿಗಳು ಹೊರಗಿರಬೇಕು. ಪತ್ರದಲ್ಲಿ ಈ ಸಲವೂ ಎರಡು ಹೆಸರು, ಎರಡು ಕೆಲಸ ಬೇರೆಬೇರೆ ಬರೆದಿದೆಯೇ ಎಂದು ನೋಡಿಕೊಂಡು, ಹಳೆಯ ಪರವಾನಗಿಯ ಮೂಲಪ್ರತಿಯ ಜೊತೆಗೆ ಅರ್ಜಿ ಹಾಕಿ.